ಆರನೇ ದಿನದ ಮೊಟ್ಟೆ

ಸದಾಶಿವನಗರ, ತುಮಕೂರು
12 ಜೂನ್ 2024

ಅಪ್ಪಾಜಿಗೆ,

ಫೋನ್ ಮಾಡಿದರೆ ನೀವು ಎತ್ತುವುದಿಲ್ಲ. ಎತ್ತಿದರೂ ಮಾತಾಡದೆ ಅಮ್ಮನ ಕೈಗೆ ಕೊಡುತ್ತೀರಿ. ಪತ್ರವಾದರೆ ಹಾಗಲ್ಲ. ಮೂವತ್ತನಾಲ್ಕು ವರ್ಷ ಕಂದಾಯ ಕಚೇರಿಗಳ ರೆಕಾರ್ಡ್ ರೂಮಿನಲ್ಲಿ ಕೆಲಸ ಮಾಡಿದವರಿಗೆ ಕೈಗೆ ಬಂದ ಕಾಗದವನ್ನು ಓದದೆ ಪಕ್ಕಕ್ಕಿಡಲು ಬರುವುದಿಲ್ಲ. ಅದು ನನಗೆ ಗೊತ್ತು, ಅದಕ್ಕೇ ಬರೆಯುತ್ತಿದ್ದೇನೆ.

ಕುಣಿಗಲ್ಲಿನಲ್ಲಿ ಬಸವಪ್ರಭು ಮಾವನ ಮೊಮ್ಮಗಳ ನಾಮಕರಣದ ದಿನ ನಡೆದದ್ದಕ್ಕೆ ನಾನು ಕ್ಷಮೆ ಕೇಳುವುದಿಲ್ಲ. ಎಲೆಯ ಮುಂದೆ ಕೂತಿದ್ದಾಗ ಅತ್ತೆ, “ಏನಮ್ಮ ಭೂಮಿಕಾ, ಪಿಎಚ್‌ಡಿ ಅಂದ್ರೆ ಏನ್ ಮಾಡ್ತೀಯ ದಿನಾ?” ಎಂದು ಕೇಳಿದರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕಾವಿಗೆ ಕೂತ ಕೋಳಿಯ ಕೆಳಗಿನಿಂದ ಮೊಟ್ಟೆ ತಂದು, ಒಡೆದು, ಒಳಗಿನ ಭ್ರೂಣವನ್ನು ತೆಗೆದು ನೋಡುತ್ತೇನೆ ಎಂದೆ. ಅತ್ತೆ ಬಾಯಿಗಿಡುತ್ತಿದ್ದ ಹೋಳಿಗೆಯನ್ನು ಎಲೆಗೆ ಹಾಕಿದರು. ನೀವು ಎದ್ದು ನಿಂತು, ಇಪ್ಪತ್ತು ಜನರ ಎದುರಿಗೆ, “ಆ ಕೈಯಲ್ಲಿ ಇನ್ಮೇಲೆ ಲಿಂಗ ಮುಟ್ಬೇಡ” ಎಂದಿರಿ.

ನನಗೆ ಲಿಂಗ ಕಟ್ಟಿಸಿದವರು ನೀವು. ಬಿಚ್ಚಿಸುವ ಅಧಿಕಾರವೂ ನಿಮಗಿದೆಯೇ ಎಂದು ಆವತ್ತಿನಿಂದ ಯೋಚಿಸುತ್ತಿದ್ದೇನೆ. ಇಲ್ಲ ಎಂದು ತೀರ್ಮಾನಕ್ಕೆ ಬಂದಿದ್ದೇನೆ. ದಿನವೂ ಪೂಜೆ ಮಾಡುತ್ತಿದ್ದೇನೆ, ಇದೇ ಕೈಯಲ್ಲಿ.

ನಾನು ಮಾಡುವುದೇನು ಎಂದು ನೀವು ಒಮ್ಮೆಯೂ ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ. ಮೊಟ್ಟೆಯೊಳಗಿನ ಭ್ರೂಣದ ಪ್ರತಿ ಜೀವಕೋಶದಲ್ಲೂ ದೊಡ್ಡ ಕೋಳಿಯ ಜೀವಕೋಶದಲ್ಲೂ ಇರುವುದು ಒಂದೇ ಜೀನ್‌ಗಳ ಕಟ್ಟು. ನಿಮ್ಮ ರೆಕಾರ್ಡ್ ರೂಮ್ ಇದ್ದ ಹಾಗೆ. ಕಡತಗಳೆಲ್ಲ ಅಲ್ಲೇ ಇರುತ್ತವೆ, ಮೂಲ ಹೊರಗೆ ಬರುವುದಿಲ್ಲ, ಬೇಕಾದ ಪುಟದ ನಕಲು ಮಾತ್ರ ಹೊರಗೆ ಬರುತ್ತದೆ. ಭ್ರೂಣದ ರಕ್ತಕ್ಕೆ ಬೇಕಾದ ಪುಟ ಬೇರೆ, ದೊಡ್ಡ ಕೋಳಿಯ ರಕ್ತಕ್ಕೆ ಬೇಕಾದ ಪುಟ ಬೇರೆ. ಭ್ರೂಣದ ಹಿಮೋಗ್ಲೋಬಿನ್ನೇ ಬೇರೆ ಅಪ್ಪಾಜಿ. ಮರಿ ಬಲಿಯುತ್ತಾ ಹೋದಂತೆ ಒಂದು ಪುಟದ ನಕಲು ನಿಲ್ಲುತ್ತದೆ, ಇನ್ನೊಂದರದು ಶುರುವಾಗುತ್ತದೆ. ಯಾವ ದಿನ ಯಾವ ಪುಟ ಎಂದು ಪಟ್ಟಿ ಮಾಡುವುದು ನನ್ನ ಕೆಲಸ. ನಮ್ಮ ನಾಟಿ ಕೋಳಿಯಲ್ಲಿ, ಅದೂ ಯಂತ್ರದ ಶಾಖದಲ್ಲಲ್ಲ, ತಾಯಿಯ ಕಾವಿನಲ್ಲೇ ಇದನ್ನು ನೋಡುವುದು ನಮ್ಮ ಯೋಜನೆಯ ವಿಶೇಷ.

ಇದರಿಂದ ಯಾರಿಗೇನು ಉಪಯೋಗ ಎನ್ನುತ್ತೀರಿ. ಗೊತ್ತಿಲ್ಲ. ತಿಳಿಯಬೇಕು ಅನ್ನಿಸಿದೆ, ಅಷ್ಟೇ. ನಿಲ್ಲಿಸುವುದಿಲ್ಲ.

ನಿಮ್ಮ ಮಗಳು,
ಭೂಮಿಕಾ

---

ಗುಬ್ಬಿ
25 ಜೂನ್ 2024

ವಿಷಯ: ಮೊಟ್ಟೆ ಒಡೆಯುವ ಬಗ್ಗೆ.
ಉಲ್ಲೇಖ: ನಿನ್ನ ಪತ್ರ, ದಿನಾಂಕ 12.6.2024.

ಚಿ. ಭೂಮಿಕಾಳಿಗೆ ಆಶೀರ್ವಾದಗಳು.

ಉಲ್ಲೇಖಿತ ಪತ್ರ ತಲುಪಿದೆ, ಓದಿದೆ.

ರೆಕಾರ್ಡ್ ರೂಮಿನ ಹೋಲಿಕೆ ಚೆನ್ನಾಗಿದೆ. ಆದರೆ ಒಂದು ಮಾತು. ನಾನು ನಕಲು ಕೊಡಲು ಯಾವ ಕಡತವನ್ನೂ ಹರಿದವನಲ್ಲ. ನೀನು ಒಂದು ಜೀವವನ್ನು ಹರಿದು ನಕಲು ತೆಗೆಯುತ್ತೀಯ. ಮೂರು ತಲೆಮಾರಿನಿಂದ ಮಠಕ್ಕೆ ನಡೆದುಕೊಂಡು ಬಂದ ಮನೆ ಇದು. ಇರುವೆ ಸಾಲಿಗೆ ಸಕ್ಕರೆ ಹಾಕುತ್ತಿದ್ದವಳು ನಿನ್ನ ಅಜ್ಜಿ. ಆ ಮನೆಯ ಮಗಳು ಹೀಗೆ ಎಂದರೆ ನನ್ನ ಆಕ್ಷೇಪಣೆ ಇದ್ದೇ ಇರುತ್ತದೆ, ಇರಲಿದೆ.

ಇನ್ನು, ಯಾವ ದಿನ ಯಾವ ಪುಟ ಎಂದು ಪಟ್ಟಿ ಮಾಡುತ್ತೇನೆ ಎಂದಿದ್ದೀಯ. ಪಟ್ಟಿ ಎಂದ ಮೇಲೆ ಅದಕ್ಕೊಂದು ಆಧಾರ ಬೇಕು. ಮೊಟ್ಟೆಗೆ ಇಷ್ಟೇ ದಿನ ಎಂದು ನಿನಗೆ ಹೇಳುವವರು ಯಾರು? ದಾಖಲೆ ಲಗತ್ತಿಸದೆ ಹೇಳುವ ಮಾತನ್ನು ನಾನು ಒಪ್ಪುವ ಪದ್ಧತಿ ಇಲ್ಲ.

ಮಹಾದೇವಯ್ಯ

(ಕೆಳಗಿನದು ನನ್ನ ಬರಹ ಕಣೇ, ನಿಮ್ಮಪ್ಪ ಅಂಚೆಗೆ ಹಾಕೋಕೆ ಕೊಟ್ಟಾಗ ಬರೀತಿದೀನಿ. ನಿನ್ನ ಕಾಗದ ಮೂರು ಸಲ ಓದವ್ರೆ. ಕನ್ನಡಕ ಹುಡುಕ್ಕೊಂಡು ಓದವ್ರೆ. ನಾನು ಮಾತ್ರ ನಿಂಗೆ ಬೈಯಲ್ಲ, ಹೊಗಳೋದೂ ಇಲ್ಲ. ಹೊತ್ತಿಗೆ ಸರಿಯಾಗಿ ಉಣ್ಣು. — ಅಮ್ಮ, ಸರ್ವಮಂಗಳ)

---

ಸದಾಶಿವನಗರ, ತುಮಕೂರು
9 ಆಗಸ್ಟ್ 2024

ಅಪ್ಪಾಜಿಗೆ,

ಸಿಹಿ ಸುದ್ದಿ. ನಿಮಗೆ ಸಿಹಿಯೋ ಅಲ್ಲವೋ, ನನಗಂತೂ ಹೌದು. ನಮ್ಮ ಪ್ರಬಂಧವನ್ನು ಒಂದು ಒಳ್ಳೆಯ ಪತ್ರಿಕೆಯವರು ಒಪ್ಪಿಕೊಂಡಿದ್ದಾರೆ. ನನ್ನ ಮಾರ್ಗದರ್ಶಕರು ಡಾ. ರವಿಕಿರಣ್ ಲ್ಯಾಬಿಗೆಲ್ಲ ಮೈಸೂರು ಪಾಕ್ ಹಂಚಿದರು. ಮೊದಲ ಹೆಸರು ನನ್ನದು, ಕೊನೆಯದು ಅವರದು.

ಸಿಕ್ಕಿದ್ದು ಇದು. ಕಾವಿಗೆ ಕೂತ ಆರನೇ ದಿನಕ್ಕೇ ನಮ್ಮ ನಾಟಿ ಕೋಳಿಯ ಭ್ರೂಣ, ದೊಡ್ಡ ಕೋಳಿಯ ಪುಟಗಳನ್ನು ಓದಲು ಶುರು ಮಾಡಿಬಿಟ್ಟಿದೆ. ಯಂತ್ರದಲ್ಲಿಟ್ಟ ಫಾರಂ ಮೊಟ್ಟೆಯಲ್ಲಿ ಅದೇ ದಿನಕ್ಕೆ ಅಷ್ಟು ಕಾಣುವುದಿಲ್ಲ. ಭ್ರೂಣದ ಕಾಲ್ಬೆರಳನ್ನೂ ಅಳೆಯುತ್ತೇನೆ, ಅದೂ ಹೆಚ್ಚು ಉದ್ದ. ತಾಯಿಯ ಕಾವಿನಲ್ಲಿ ಮರಿ ಬೇಗ ಬಲಿಯುತ್ತದೆ ಎಂದು ಸರ್ ಹೇಳುತ್ತಾರೆ. ಇದೇ ನನ್ನ ಥೀಸಿಸ್‌ನ ಮುಖ್ಯ ಅಧ್ಯಾಯ. ಡಿಸೆಂಬರಿಗೆ ಥೀಸಿಸ್ ಒಪ್ಪಿಸಿದರೆ ನಿಮ್ಮ ಮಗಳು ಡಾಕ್ಟರ್.

ನೀವು ಕೇಳಿದ ಆಧಾರ. ಮೊಟ್ಟೆ ಬರುವುದು ನಿಟ್ಟೂರಿನ ಹನುಮಕ್ಕನ ಮನೆಯಿಂದ. ರೈಲ್ವೆ ಗೇಟಿನ ಆಚೆ ಮನೆ, ಅಂಗಳದಲ್ಲಿ ಹತ್ತು ಹನ್ನೆರಡು ಹೇಂಟೆ. ಎಪ್ಪತ್ತು ದಾಟಿದ ಮುದುಕಿ, ನನಗಿಂತ ಜೋರು. ಕೋಳಿ ಕೂರಿಸುವ ದಿನ ಮಂಕರಿಗೆ ಹುಲ್ಲು ಹಾಸಿ, ಗುಡುಗಿಗೆ ಮೊಟ್ಟೆ ಕೆಡಬಾರದು ಎಂದು ಒಂದು ಕಬ್ಬಿಣದ ಚೂರಿಟ್ಟು, ಪ್ರತಿ ಮೊಟ್ಟೆಗೂ ಇದ್ದಿಲಿನಲ್ಲಿ ಒಂದು ಗೆರೆ ಎಳೆಯುತ್ತಾಳೆ. ಅವತ್ತೇ ಸೊಸೆಯಿಂದ ನನಗೆ ಫೋನ್ ಮಾಡಿಸುತ್ತಾಳೆ. ನಾನು ದಿನಾಂಕ ಬರೆದುಕೊಂಡು ಆರನೇ ದಿನ ರೈಲು ಹತ್ತುತ್ತೇನೆ.

ದಾಖಲೆ ಲಗತ್ತಿಸಿದ್ದೇನೆ. ಹದಿನಾಲ್ಕು ತಿಂಗಳಲ್ಲಿ ಕೂರಿಸಿದ ಹನ್ನೊಂದು ಕಾವುಗಳ ದಿನಾಂಕ. ಇನ್ನೇನಾದರೂ ಕೊಂಕಿದ್ದರೆ ಬರೆಯಿರಿ.

ಭೂಮಿಕಾ

---

ಗುಬ್ಬಿ
2 ಸೆಪ್ಟೆಂಬರ್ 2024

ಉಲ್ಲೇಖ: ನಿನ್ನ ಪತ್ರ ಮತ್ತು ಲಗತ್ತು, ದಿನಾಂಕ 9.8.2024.

ಚಿ. ಭೂಮಿಕಾಳಿಗೆ ಆಶೀರ್ವಾದಗಳು.

ಲಗತ್ತನ್ನು ಹಳೆಯ ಪಂಚಾಂಗಗಳ ಜೊತೆ ತಾಳೆ ನೋಡಿದೆ.

ಹನ್ನೊಂದು ದಿನಾಂಕಗಳಲ್ಲಿ ಏಳು ಸೋಮವಾರ, ನಾಲ್ಕು ಗುರುವಾರ. ಮಂಗಳವಾರ ಒಂದೂ ಇಲ್ಲ. ಶನಿವಾರ ಇಲ್ಲ. ಅಮಾವಾಸ್ಯೆ ಇಲ್ಲ.

ಕೋಳಿಗೆ ಪಂಚಾಂಗ ಬರುತ್ತದೆಯೇ?

ತಿಳಿದುಕೊಳ್ಳಲು ಕೇಳುತ್ತಿದ್ದೇನೆ, ಕೊಂಕಲ್ಲ.

ಮಹಾದೇವಯ್ಯ

(ಸುದ್ದಿ ಕೇಳಿ ಸಿಹಿ ಮಾಡಿದ್ದೆ ಕಣೇ. ನಂಗೆ ಬೇಡ ಅಂದ್ರು. ಆಮೇಲೆ ನೋಡಿದ್ರೆ ಬಟ್ಟಲು ಖಾಲಿ. — ಅಮ್ಮ)

---

ಸದಾಶಿವನಗರ, ತುಮಕೂರು
20 ಸೆಪ್ಟೆಂಬರ್ 2024

ಅಪ್ಪಾಜಿ,

ನಿಮ್ಮ ಪತ್ರ ಓದಿ ಮೊದಲು ಸಿಟ್ಟು ಬಂತು. ಹರಿದು ಹಾಕೋಣ ಎಂದುಕೊಂಡೆ. ಆಮೇಲೆ ನಾನೇ ಆ ದಿನಾಂಕಗಳನ್ನು ಒಂದೊಂದಾಗಿ ಕ್ಯಾಲೆಂಡರಿನಲ್ಲಿ ನೋಡಿದೆ. ಬೆಳಗ್ಗೆ ಎದ್ದವಳೇ ನಿಟ್ಟೂರಿಗೆ ಹೋದೆ.

ಹನುಮಕ್ಕ ಜಗಲಿಯಲ್ಲಿ ಕೂತು ಅಲಸಂದೆಕಾಯಿ ಸುಲಿಯುತ್ತಿದ್ದಳು. ನಾನು ಸುತ್ತಿ ಬಳಸದೆ ಕೇಳಿದೆ. “ಅಜ್ಜಿ, ಕೋಳಿ ಯಾವತ್ತು ಕೂತ್ಕೊಳ್ಳುತ್ತೋ ಅವತ್ತೇ ಗೆರೆ ಹಾಕ್ತೀಯಾ?”

“ಅದು ಕುಂತಿದ್ ದಿನ ಹಾಕುಕ್ಕೆ ಅದೇನ್ ಬ್ರಾಂಬ್ರ ಕೋಳಿನಾ, ದಿನ ನೋಡ್ಕೊಂಡ್ ಕೂರುಕ್ಕೆ?” ಎಂದಳು. “ಮಂಗ್ಳಾರ ಕುಂತಿರ್ತದೆ, ಶನ್ವಾರ ಕುಂತಿರ್ತದೆ. ಅಮಾಸೆ ದಿನ ಯಾರಾರ ಮರಿಗ್ ಕೂರುಸ್ತಾರೇನವ್ವ? ಸ್ವಾಮಾರ ಇಲ್ಲಾ ಬೇಸ್ತ್ವಾರ ಬರ್ಲಿ ಅಂತ ಕಾಯ್ತೀನಿ. ಆ ದಿನ ಹೊಸ ಮಂಕರಿಗೆ ಮೊಟ್ಟೆ ಜೋಡ್ಸಿ, ಕೋಳಿ ಕೂರ್ಸಿ ಗೆರೆ ಎಳಿತೀನಿ. ನಾನ್ ಕೂರ್ಸಿದ್ ದಿನುದ್ದೇ ಲೆಕ್ಕ.”

“ಅಲ್ಲೀವರ್ಗೂ ಕೋಳಿ?”

“ಅಲ್ಲೇ ಅಟ್ಟದ್ ಮ್ಯಾಗೆ ಅದೇ ಮೊಟ್ಟೆ ಮ್ಯಾಲೆ ಕುಂತಿರ್ತದೆ. ಎಲ್ಗೋಯ್ತದೆ ಬುಡು!”

ಎರಡು ದಿನ, ಮೂರು ದಿನ. ಅಮಾವಾಸ್ಯೆ ಅಡ್ಡ ಬಂದರೆ ಇನ್ನೂ ಹೆಚ್ಚು. ನನ್ನ ಆರನೇ ದಿನದ ಮೊಟ್ಟೆಗಳಲ್ಲಿ ಕೆಲವು ಆರು, ಕೆಲವು ಎಂಟು, ಕೆಲವು ಒಂಬತ್ತು. ಭ್ರೂಣ ಬೇಗ ಬಲಿತಿರಲಿಲ್ಲ ಅಪ್ಪಾಜಿ. ಅದಕ್ಕೆ ವಯಸ್ಸೇ ಹೆಚ್ಚಾಗಿತ್ತು. ಕಾಲ್ಬೆರಳು ಉದ್ದ ಬಂದಾಗಲೇ ಅದು ನನಗೆ ಕೂಗಿ ಹೇಳಿತ್ತು. ಕೇಳಿಸಿಕೊಳ್ಳಲು ನನಗೆ ಇಷ್ಟವಿರಲಿಲ್ಲ, ಸುದ್ದಿ ಅಷ್ಟು ಚೆನ್ನಾಗಿತ್ತು.

ಹನುಮಕ್ಕ ನನ್ನ ಮುಖ ನೋಡಿ, “ಯಾಕವ್ವ, ನನ್ನಿಂದೇನಾರ ತಪ್ಪಾಯ್ತಾ?” ಎಂದಳು. ಇಲ್ಲ ಎಂದೆ. ನಿಜವಾಗಿಯೂ ಇಲ್ಲ. ಹದಿನಾಲ್ಕು ತಿಂಗಳು ಹೋಗಿ ಬಂದು ಮಾಡಿದವಳು ನಾನು. ಒಂದು ದಿನವೂ ಕೇಳಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಕೋಳಿ ಸಾಕಿದವರಲ್ಲ. ಮೊಟ್ಟೆ ಒಡೆಯಲು ಕಲಿತೆ, ಕೋಳಿ ಕೂರುವುದನ್ನು ಒಮ್ಮೆಯೂ ನೋಡಲಿಲ್ಲ.

ರವಿಕಿರಣ್ ಸರ್‌ಗೆ ಹೇಳಿದೆ. ಬಾಗಿಲು ಹಾಕಿಸಿದರು. “ನೋಡು ಭೂಮಿಕಾ, ಎರಡು ದಿನ ತಾನೇ. ನೀನು ಹೇಳದಿದ್ರೆ ಯಾರಿಗ್ ಗೊತ್ತಾಗತ್ತೆ? ಪೇಪರ್ ಆನ್‌ಲೈನ್ ಬಂದಾಗಿದೆ. ವಾಪಸ್ ತಗೊಂಡ್ರೆ ನಿನ್ನ ಥೀಸಿಸ್ ಇಲ್ಲ, ನನ್ನ ಪ್ರಾಜೆಕ್ಟ್ ಇಲ್ಲ. ಹೇಳ್ಲೇಬೇಕು ಅಂದ್ರೆ ಆ ಮುದುಕಿ ತಪ್ಪು ಮಾಹಿತಿ ಕೊಟ್ಲು ಅಂತ ಬರಿ” ಎಂದರು. ಯೋಚಿಸಲು ಒಂದು ತಿಂಗಳು ಕೊಟ್ಟಿದ್ದಾರೆ.

ಮೂರು ವರ್ಷ ಅಪ್ಪಾಜಿ. ನೂರಾ ಹನ್ನೆರಡು ಮೊಟ್ಟೆ. ನಿಮ್ಮ ಮಾತಿನಲ್ಲಿ ಹೇಳುವುದಾದರೆ ನೂರಾ ಹನ್ನೆರಡು ಜೀವ. ಅದರ ಮೇಲೆ ಒಂದು ಸುಳ್ಳು ಪಟ್ಟಿ ಕೂರಿಸಿ ಡಾಕ್ಟರ್ ಆಗಲೇ?

ಈಗ ನಿಮಗೆ ಖುಷಿಯಾಗಿರಬೇಕು. ಆಗಿದ್ದರೆ ಬರೆಯಬೇಡಿ.

ಭೂಮಿಕಾ

---

ಗುಬ್ಬಿ
3 ಅಕ್ಟೋಬರ್ 2024

ಭೂಮಿಕಾ,

ಖುಷಿಯಾಗಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಏನು ಮಾಡಬೇಕೆಂದು ನಾನು ಹೇಳುವುದಿಲ್ಲ. ಹೇಳುವ ಅರ್ಹತೆ ಏಕಿಲ್ಲ ಎಂಬುದನ್ನು ಬರೆಯುತ್ತೇನೆ. ನಿನ್ನ ಅಮ್ಮನಿಗೂ ಇದು ಗೊತ್ತಿಲ್ಲ. ಇವತ್ತು ಅಂಚೆಗೆ ನಾನೇ ಹಾಕುತ್ತೇನೆ.

ನೀನು ಹುಟ್ಟುವುದಕ್ಕೆ ಮೊದಲಿನ ಮಾತು. ಬೇರೆ ಜಿಲ್ಲೆ, ಬೇರೆ ಕಚೇರಿ, ಹೆಸರು ಬೇಡ. ನಕಲಿನ ಕೆಳಗೆ ‘ತಾಳೆ ನೋಡಿದವರು’ ಎಂದು ಒಂದು ಜಾಗವಿರುತ್ತದೆ. ಬರೆದದ್ದನ್ನು ಮೂಲದ ಜೊತೆ ಅಕ್ಷರಕ್ಕಕ್ಷರ ನೋಡಿ ಅಲ್ಲಿ ರುಜು ಹಾಕಬೇಕು. ಒಂದು ಸಂಜೆ ಬಸ್ಸಿಗೆ ಹೊತ್ತಾಗಿತ್ತು. ನೋಡದೆ ಹಾಕಿದೆ. ಜಮೀನಿನ ಪಾಲು ತೋರಿಸುವ ಹಿಸ್ಸಾ ನಂಬರಿನಲ್ಲಿ ಒಂದಂಕಿ ತಪ್ಪಾಗಿತ್ತು. ಕಾಳಯ್ಯ ಎಂಬುವನ ಬಾವಿ ಇದ್ದ ತುಂಡು ಜಮೀನು ಆ ನಕಲಿನ ಮೇಲೆ ಪಕ್ಕದವನ ಪಾಲಾಯಿತು. ಅವನು ನನ್ನ ಮೇಜಿನ ಮುಂದೆ ಬಂದು ನಿಂತು, “ಸ್ವಾಮಿ, ಒಂದ್ ಸಲ ಬುಕ್ ತೆಗ್ದು ನೋಡಿ” ಎಂದ. ಅಷ್ಟರಲ್ಲಿ ನಾನು ತೆಗೆದು ನೋಡಿಯಾಗಿತ್ತು. ತಪ್ಪು ನನಗೆ ಗೊತ್ತಿತ್ತು. ಹೇಳಿದರೆ ಸಸ್ಪೆಂಡ್ ಆಗುತ್ತಿದ್ದೆ. ಹೊಸದಾಗಿ ಮದುವೆಯಾಗಿತ್ತು. “ಮೂಲದಲ್ಲೂ ಹಂಗೇ ಐತೆ ಹೋಗಯ್ಯ” ಎಂದೆ.

ಆಮೇಲೆ ನಿವೃತ್ತಿಯವರೆಗೂ ಒಂದು ರುಜುವನ್ನೂ ನೋಡದೆ ಹಾಕಲಿಲ್ಲ. ಎಲ್ಲರೂ ನನ್ನನ್ನು ಭಾರಿ ಪ್ರಾಮಾಣಿಕ ಎಂದರು. ಮಠದಲ್ಲಿ ಶಾಲು ಹೊದಿಸಿದರು, ನೀನೂ ಚಪ್ಪಾಳೆ ತಟ್ಟಿದ್ದೆ.

ಆ ರುಜು ಹಾಕಿದ ಕೈ ಇದೇ. ದಿನವೂ ಬೆಳಗ್ಗೆ ಲಿಂಗ ಇಟ್ಟುಕೊಳ್ಳುವ ಕೈಯೂ ಇದೇ. ಕುಣಿಗಲ್ಲಿನಲ್ಲಿ ಆ ಮಾತು ಆಡುವಾಗ

ಇರಲಿ.

ಮಹಾದೇವಯ್ಯ

---

ಸದಾಶಿವನಗರ, ತುಮಕೂರು
18 ನವೆಂಬರ್ 2024

ಅಪ್ಪಾಜಿಗೆ,

ನಿಮ್ಮ ಪತ್ರವನ್ನು ಯಾರಿಗೂ ತೋರಿಸಿಲ್ಲ. ಅದಕ್ಕೆ ಉತ್ತರವನ್ನೂ ಬರೆಯುವುದಿಲ್ಲ. ಒಂದೇ ಪ್ರಶ್ನೆ. ಕಾಳಯ್ಯ ಬದುಕಿದ್ದಾರಾ?

ನನ್ನದು ಮುಗಿಯಿತು. ಸರ್ ಕೊಟ್ಟ ತಿಂಗಳು ತುಂಬುವವರೆಗೆ ಕಾಯಲಿಲ್ಲ. ಪತ್ರಿಕೆಗೆ ಬರೆದೆ: ಭ್ರೂಣಗಳ ವಯಸ್ಸನ್ನು ತಪ್ಪಾಗಿ ಎಣಿಸಿದ್ದೇವೆ, ಪ್ರಬಂಧವನ್ನು ಹಿಂದಕ್ಕೆ ಪಡೆಯಬೇಕು, ಎಣಿಕೆಯ ತಪ್ಪು ನನ್ನದು. ಹನುಮಕ್ಕನ ಹೆಸರು ಎಲ್ಲೂ ಇಲ್ಲ. ಕೇಳಿದವಳಿಗೆ ಅವಳು ಸುಳ್ಳು ಹೇಳಲಿಲ್ಲ, ಕೇಳದೆ ಇದ್ದವಳು ನಾನು.

ಸರ್ ಕಿರುಚಾಡಲಿಲ್ಲ. ಕಿರುಚಾಡಿದ್ದರೆ ಚೆನ್ನಾಗಿತ್ತು. “ಸತ್ಯಹರಿಶ್ಚಂದ್ರನ ಕಾಲೇಜಿಗೆ ಹೋಗಮ್ಮ ನೀನು” ಎಂದು ಹೇಳಿ ಮಾರ್ಗದರ್ಶನದಿಂದ ಹಿಂದೆ ಸರಿಯುವ ಕಾಗದಕ್ಕೆ ರುಜು ಹಾಕಿದರು. ಲ್ಯಾಬಿನಲ್ಲಿ ನನ್ನ ಜೊತೆ ಟೀ ಕುಡಿಯುತ್ತಿದ್ದವರು ಈಗ ಫೋನ್ ನೋಡುತ್ತಾ ಪಕ್ಕದಲ್ಲೇ ಹಾದು ಹೋಗುತ್ತಾರೆ. ಹೋಗಲಿ. ನಾನು ದಿನವೂ ಸಂಜೆ ಅದೇ ಬೆಂಚಿಗೆ ಹೋಗಿ ಕೂರುತ್ತೇನೆ. ಎದ್ದು ಹೋಗು ಎನ್ನಲು ಯಾರಿಗೂ ಬಾಯಿ ಬಂದಿಲ್ಲ.

ನಮ್ಮ ವಿಭಾಗದಲ್ಲಿ ಸುಧಾ ಮೇಡಂ ಅಂತ ಒಬ್ಬರಿದ್ದಾರೆ, ನಿವೃತ್ತಿಗೆ ಒಂದು ವರ್ಷ ಬಾಕಿ. ಯಾರೂ ಕೇಳದೆಯೇ ಬಂದು, “ನಾನು ಗೈಡ್ ಆಗ್ತೀನಿ. ಭ್ರೂಣದ ಭಾಗವನ್ನೆಲ್ಲ ಹೊಸದಾಗಿ ಮಾಡು. ಜೂನ್ ತನಕ ಟೈಮ್ ಇದೆ, ಅದರಾಚೆ ಇಲ್ಲ” ಎಂದರು. ದೊಡ್ಡ ಕೋಳಿಯ ಅರ್ಧ ಸರಿಯಾಗಿದೆ. ಭ್ರೂಣದ ಅರ್ಧಕ್ಕೆ ಕಡಿಮೆಯೆಂದರೂ ಎಂಟು ಕಾವು ಬೇಕು. ಮತ್ತೆ ಮೊಟ್ಟೆ ಒಡೆಯುತ್ತೇನೆ ಅಪ್ಪಾಜಿ. ಮುಚ್ಚಿಟ್ಟು ಹೇಳುವುದಿಲ್ಲ. ಆದರೆ ಈ ಸಲ ಒಂದೊಂದಕ್ಕೂ ಲೆಕ್ಕ ಕೊಡುತ್ತೇನೆ.

ತೊಂದರೆ ಒಂದೇ. ಕೋಳಿ ತಾನಾಗಿ ಕೂತ ದಿನವನ್ನೂ ಹೊತ್ತನ್ನೂ ಯಾರಾದರೂ ಕಣ್ಣಾರೆ ನೋಡಿ ಬರೆಯಬೇಕು. ಹನುಮಕ್ಕನಿಗೆ ಕಣ್ಣು ಮಂಜಾಗಿದೆ. ಫೆಲೋಶಿಪ್ ನಿಂತಿದ್ದರಿಂದ ನಾನು ಇಲ್ಲಿ ಒಂದು ಪಿಯು ಕಾಲೇಜಿನಲ್ಲಿ ಪಾಠಕ್ಕೆ ಸೇರಿದ್ದೇನೆ, ಭಾನುವಾರ ಮತ್ತು ಬುಧವಾರ ಮಾತ್ರ ನಿಟ್ಟೂರಿಗೆ ಹೋಗಬಲ್ಲೆ. ಮಿಕ್ಕ ದಿನಕ್ಕೆ ಅವಳ ಸೊಸೆ ಬರೆದಿಡುತ್ತೇನೆ ಎಂದಿದ್ದಾಳೆ. ಒಂದು ನೋಟ್‌ಬುಕ್ ಕೊಟ್ಟು ಬಂದಿದ್ದೇನೆ. ಅವಳಿಗೆ ದನ, ಡೈರಿ, ಹೊಲ ಎಲ್ಲ ಇದೆ. ಎಷ್ಟು ಬರೆಯುತ್ತಾಳೋ ನೋಡಬೇಕು.

ಯಾರ ಹತ್ತಿರವೂ ಸಹಾಯ ಕೇಳುತ್ತಿಲ್ಲ. ಸುಮ್ಮನೆ ತಿಳಿಸಿದೆ.

ಭೂಮಿಕಾ

---

ಸದಾಶಿವನಗರ, ತುಮಕೂರು
16 ಫೆಬ್ರವರಿ 2025

ಅಪ್ಪಾಜಿ,

ನಾನು ಬರೆದು ಮೂರು ತಿಂಗಳಾದರೂ ನಿಮ್ಮ ಉತ್ತರವಿಲ್ಲ. ಅಮ್ಮನನ್ನು ಕೇಳಿದರೆ, “ಚೆನ್ನಾಗವ್ರೆ, ಬೆಳಗ್ಗೆನೇ ಎದ್ದು ಎಲ್ಗೋ ವಾಕಿಂಗ್ ಹೋಯ್ತಾರೆ” ಎಂದು ನಗುತ್ತಾಳೆ.

ಇವತ್ತು ನಿಟ್ಟೂರಿನ ನೋಟ್‌ಬುಕ್ಕನ್ನು ಮನೆಗೆ ತಂದೆ. ಇಷ್ಟು ದಿನ ಸೊಸೆ ಅದರಿಂದ ಓದಿ ಹೇಳುತ್ತಿದ್ದಳು, ನಾನು ಬರೆದುಕೊಳ್ಳುತ್ತಿದ್ದೆ. ನೋಡುತ್ತೇನೆ ಎಂದಾಗಲೆಲ್ಲ ಏನೋ ನೆಪ ಹೇಳುತ್ತಿದ್ದಳು. ಇವತ್ತು ಕೈಯಿಂದ ಕಿತ್ತುಕೊಂಡು ಬಂದೆ.

ಸ್ಕೇಲಿಟ್ಟು ಕೆಂಪು ಶಾಯಿಯಲ್ಲಿ ಕಂಬಸಾಲು ಎಳೆದಿದೆ. ‘ಕ್ರ.ಸಂ., ಕೋಳಿಯ ಗುರುತು, ಕೂತ ದಿನ, ಕೂತ ಹೊತ್ತು, ಷರಾ’. ಕಚೇರಿ ಕಡತದ ಹಾಗೆ ಕೋಳಿಗೆ ಷರಾ ಬರೆಯುವ ಸೊಸೆ ಇಡೀ ಗುಬ್ಬಿ ತಾಲ್ಲೂಕಿನಲ್ಲಿ ಇಲ್ಲ.

ಯಾರು ಬರೆದದ್ದು? ಒಂದು ಸಾಲಿನ ಉತ್ತರ ಸಾಕು.

ಭೂಮಿಕಾ

---

ಗುಬ್ಬಿ
24 ಫೆಬ್ರವರಿ 2025

ಉಲ್ಲೇಖ: ನಿನ್ನ ಪತ್ರಗಳು, ದಿನಾಂಕ 18.11.2024 ಮತ್ತು 16.2.2025.

ಚಿ. ಭೂಮಿಕಾಳಿಗೆ ಆಶೀರ್ವಾದಗಳು.

ಒಂದು ಸಾಲಿನಲ್ಲಿ ಆಗುವುದಿಲ್ಲ.

ಮೊದಲನೆಯದು, ನವೆಂಬರಿನ ಪ್ರಶ್ನೆ. ಕಾಳಯ್ಯ ಇಲ್ಲ, ತೀರಿಕೊಂಡು ಒಂಬತ್ತು ವರ್ಷವಾಯಿತಂತೆ. ಡಿಸೆಂಬರಿನಲ್ಲಿ ಆ ಊರಿಗೆ ಹೋಗಿದ್ದೆ. ಅವನ ಮಗನಿಗೆ ಎಲ್ಲ ಹೇಳಿ, ತಪ್ಪು ನನ್ನದೆಂದು ಬರೆದು ರುಜು ಹಾಕಿದ ಹೇಳಿಕೆ ಕೊಟ್ಟೆ. ಅದನ್ನು ಏನು ಬೇಕಾದರೂ ಮಾಡಿಕೊಳ್ಳಲಿ. ಅವನು ಕೂರು ಎನ್ನಲಿಲ್ಲ, ನೀರು ಕೊಡಲಿಲ್ಲ. “ನಮ್ಮಪ್ಪ ಇದ್ದಾಗ ಬರ್ಬೇಕಿತ್ತು” ಎಂದ. ಹೌದು ಎಂದೆ. ಬಸ್ ಸ್ಟಾಂಡಿಗೆ ನಡೆದು ಬಂದೆ. ಅಲ್ಲಿಗೆ ಹೋಗಲು ಧೈರ್ಯ ನಿನ್ನ ಪತ್ರದಿಂದ ಬಂತು, ನನ್ನೊಳಗಿನಿಂದಲ್ಲ. ಇದನ್ನು ಬರೆಯದೆ ಇರುವುದು ಸರಿಯಲ್ಲ.

ಎರಡನೆಯದು. ನೋಟ್‌ಬುಕ್ಕಿನ ಬರಹ ನನ್ನದು. ನೀನು ಬರದ ದಿನಗಳಲ್ಲಿ ಬೆಳಗಿನ ರೈಲಿಗೆ ಹೋಗಿ ಹೊತ್ತು ಮುಳುಗುವ ಮೊದಲು ವಾಪಸ್ ಬಂದಿದ್ದೇನೆ. ನಿನಗೆ ಹೇಳಬಾರದೆಂದು ಹನುಮಕ್ಕನಿಂದಲೂ ಸೊಸೆಯಿಂದಲೂ ಮಾತು ತೆಗೆದುಕೊಂಡಿದ್ದೆ. ಮೊದಲ ದಿನ ಹನುಮಕ್ಕ ನನ್ನ ಹಣೆಯ ವಿಭೂತಿ ನೋಡಿ, “ಅಯ್ನೋರೆ, ದಾರಿ ತಪ್ಪಿ ಬಂದ್ರಾ? ಮಠ ಈ ಕಡೆ ಅಲ್ಲ” ಎಂದಳು. ಭೂಮಿಕಾಳ ಅಪ್ಪ ಎಂದ ಮೇಲೆ ಚಾಪೆ ಹಾಕಿದಳು. ಅಟ್ಟದ ಏಣಿಯ ಕೆಳಗೇ ನನ್ನ ಜಾಗ.

ಕೋಳಿಗೆ ಪಂಚಾಂಗ ಬರುವುದಿಲ್ಲ ಎಂಬುದು ಈಗ ದಾಖಲೆಯಲ್ಲಿದೆ. ಬಿಳಿ ಚುಕ್ಕೆಯ ಹೇಂಟೆ ಮಂಗಳವಾರ ಬೆಳಗ್ಗೆ ಏಳೂ ಇಪ್ಪತ್ತಕ್ಕೆ ಕೂತಿತು. ಬೋಳು ಕುತ್ತಿಗೆಯದು ಅಮಾವಾಸ್ಯೆಯ ದಿನ ನಡುಮಧ್ಯಾಹ್ನ ಕೂತಿತು. ಹನುಮಕ್ಕ ಹಣೆ ಚಚ್ಚಿಕೊಂಡಳು. “ಅಮಾಸೆಲಿ ಗೆರೆ ಎಳುದ್ರೆ ಮರಿ ಆಗಲ್ಲ ಅಯ್ನೋರೆ!” ಎಂದು ಜಗಳಕ್ಕೇ ಬಂದಳು. ನೀನು ಸೋಮವಾರ ನಿನ್ನ ಗೆರೆ ಎಳೆ, ಇವತ್ತಿನ ಗೆರೆ ಬೇರೆ ಇರಲಿ ಎಂದೆ. ಈಗ ಪ್ರತಿ ಮೊಟ್ಟೆಗೂ ಎರಡು ಗೆರೆ, ಅವಳ ದಿನಕ್ಕೆ ಉದ್ದದ್ದು, ಕೋಳಿಯ ದಿನಕ್ಕೆ ಚಿಕ್ಕದು. ನೀನು ಎಣಿಸಬೇಕಾದದ್ದು ಚಿಕ್ಕ ಗೆರೆಯಿಂದ.

ಚಿಕ್ಕ ಗೆರೆ ಯಾರು ಎಳೆದದ್ದು ಎಂದು ನೀನು ಕೇಳಿಲ್ಲ. ಹನುಮಕ್ಕನಿಗೆ ಕಣ್ಣು ಮಂಜು, ಸೊಸೆ ಹೊಲದಲ್ಲಿರುತ್ತಾಳೆ. ಕೋಳಿ ಕೂತ ಹೊತ್ತಿಗೆ ಅಲ್ಲಿ ಇದ್ದವನು ನಾನೊಬ್ಬನೇ. ಮೊದಲ ಸಲ ಕೈ ಹಾಕಿದಾಗ ಕೋಳಿ ಕುಕ್ಕಿ ರಕ್ತ ಬಂತು. ಮೊಟ್ಟೆ ಬೆಚ್ಚಗಿತ್ತು. ಅರವತ್ತಾರು ವರ್ಷದಲ್ಲಿ ಮೊಟ್ಟೆ ಮುಟ್ಟಿದ್ದು ಅದೇ ಮೊದಲು. ಬೀಳಿಸಿಬಿಡುತ್ತೇನೆಂದು ಭಯವಾಯಿತು. ಬೀಳಿಸಲಿಲ್ಲ.

ನನ್ನ ಆಕ್ಷೇಪಣೆಯನ್ನು ಹಿಂದಕ್ಕೆ ಪಡೆದಿಲ್ಲ. ಅದು ಕಡತದಲ್ಲಿ ಹಾಗೆಯೇ ಇರಲಿ. ನೀನು ಆ ಮೊಟ್ಟೆ ಒಡೆಯುವ ದಿನ ನನಗೆ ಊಟ ಸೇರುವುದಿಲ್ಲ, ಮುಂದೆಯೂ ಸೇರುವುದಿಲ್ಲ. ಆದರೆ ಒಡೆಯುವುದೇ ಆದರೆ ಅದರ ವಯಸ್ಸನ್ನು ಸರಿಯಾಗಿ ಬರೆ. ಅಷ್ಟಾದರೂ ಅದಕ್ಕೆ ಸಲ್ಲಬೇಕು.

ಕುಣಿಗಲ್ಲಿನಲ್ಲಿ ಆಡಿದ ಮಾತಿನ ಬಗ್ಗೆ. ಮೊನ್ನೆ ರೈಲು ತಡವಾಯಿತು. ಮನೆಗೆ ಬಂದು ಸಂಜೆಯ ಪೂಜೆಗೆ ಕೂತಾಗ ನೋಡಿಕೊಂಡೆ, ಉಗುರಿನ ಸಂದಿಯಲ್ಲಿ ಇದ್ದಿಲು. ಎರಡು ಸಲ ತೊಳೆದರೂ ಹೋಗಲಿಲ್ಲ. ಅದೇ ಕೈಯಲ್ಲಿ ಲಿಂಗ ಇಟ್ಟುಕೊಂಡೆ.

ಭಾನುವಾರ ನಿಟ್ಟೂರಿನಿಂದ ಹಿಂದಿರುಗುವಾಗ ಗುಬ್ಬಿಯಲ್ಲಿ ಇಳಿ. ಪೂಜೆ ಏಳಕ್ಕೆ.

ಲಗತ್ತು: ಎಂಟು ಕಾವುಗಳ ಪಟ್ಟಿ, ಎರಡು ಹಾಳೆ.
ಬರೆದವರು: ಮಹಾದೇವಯ್ಯ
ತಾಳೆ ನೋಡಿದವರು: (ಈ ಜಾಗ ಖಾಲಿ ಬಿಟ್ಟಿದ್ದೇನೆ. ಅಕ್ಷರಕ್ಕಕ್ಷರ ನೋಡಿ ನೀನು ರುಜು ಹಾಕು.)